ಅಗ್ಗದ ಕಂಪ್ಯೂಟರ್ ಬಂತು. ಮನೆಗೆ ತರುವ ಮೊದಲು ಒಂದಿಷ್ಟು ಮಾತು

ಹತ್ತೊಂಬತ್ತು ಸಾವಿರಕ್ಕೆ ಒಂದು ರೂಪಾಯಿ ಕಡಿಮೆ. 2025ರ ನವೆಂಬರಿನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕರ್ನಾಟಕ ಸರಕಾರ ಹೊರತಂದ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರಿಗೆ ಹೇಳಿದ ಬೆಲೆ ಇದು. ರಾಜ್ಯದ ಐಟಿ ಬಿಟಿ ಇಲಾಖೆ ಮತ್ತು ಕಿಯೋನಿಕ್ಸ್ ಸೇರಿ ತಂದ ಯಂತ್ರ. ಕಂಪ್ಯೂಟರ್ ಇಲ್ಲದ ಮನೆಯ ಮಕ್ಕಳಿಗೂ ಅದು ಸಿಗಬೇಕು ಎಂಬುದು ಇದರ ಹಿಂದಿನ ಉದ್ದೇಶ.

ಅಂದಿನಿಂದ ನಮಗೆ ಎರಡು ಪ್ರಶ್ನೆಗಳು ಬರುತ್ತಿವೆ. ಊರ ಕಡೆಯಿಂದ, ಅಂದರೆ ಕರಾವಳಿಯಿಂದ ಫೋನ್ ಮಾಡುವವರು ಕೇಳುವುದು, “ಉಸ್ತಾದ್, ಮಗನಿಗೆ ತೆಗೆದುಕೊಡಬಹುದಾ?” ನಾವು ಪಾಠ ಮಾಡಿಕೊಂಡಿರುವ ಈ ಮಹಾಲಿಂಗಪುರದಲ್ಲಿ ಕೇಳುವುದು ಬೇರೆ. ಇದು ಬೆಲ್ಲದ ಪೇಟೆ. ಇಲ್ಲಿ ಅಂಗಡಿ ಲೆಕ್ಕ ಬರೆಯುವವರ ಪ್ರಶ್ನೆ, “ಅಲ್ರೀ ಉಸ್ತಾದ್, ಇದರಾಗ ಟ್ಯಾಲಿ ಓಡತೈತೇನ್ರಿ?”

ಎರಡೂ ಒಳ್ಳೆಯ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಇರುವುದು ಒಂದೇ ಕಡೆ. ಈ ಯಂತ್ರದ ಒಳಗಿನ ಚಿಪ್ ನಾವು ಇದುವರೆಗೆ ನೋಡಿದ ಲ್ಯಾಪ್‌ಟಾಪುಗಳ ಚಿಪ್ ಅಲ್ಲ. ಅದರ ಹೆಸರು ರಿಸ್ಕ್-ಫೈವ್. ಅದರಲ್ಲಿ ವಿಂಡೋಸ್ ಇಲ್ಲ, ಇರುವುದು ಲಿನಕ್ಸ್. ಬೇರೆ ಚಿಪ್‌ಗಾಗಿ ಹುಟ್ಟಿದ ಲಿನಕ್ಸ್ ಈ ಹೊಸ ಚಿಪ್‌ಗೆ ಹೇಗೆ ಬಂತು, ಟ್ಯಾಲಿ ಯಾಕೆ ಬರಲಿಲ್ಲ ಎಂಬುದು ತಿಳಿದರೆ ದುಡ್ಡು ಕೊಡಬೇಕೋ ಬೇಡವೋ ಎಂದು ಮನೆಯವರೇ ತೀರ್ಮಾನ ಮಾಡಬಹುದು.

ಮಗ್ಗದ ಕಾರ್ಡು ಹೇಳುವ ಪಾಠ

ಮಹಾಲಿಂಗಪುರದ ಪಕ್ಕದಲ್ಲೇ ರಬಕವಿ, ಬನಹಟ್ಟಿ. ಅಲ್ಲಿ ಗಲ್ಲಿ ಗಲ್ಲಿಯಲ್ಲೂ ಪವರ್‌ಲೂಮ್ ಸದ್ದು. ಸೀರೆಯ ಅಂಚು, ಸೆರಗಿನ ಮೇಲೆ ಚಿತ್ತಾರ ಮೂಡಬೇಕಾದರೆ ಮಗ್ಗದ ಮೇಲೆ ಜಕಾರ್ಡ್ ಬೇಕು. ಜಕಾರ್ಡಿಗೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಮಾಲೆ ಬೇಕು. ತೂತು ಇದ್ದಲ್ಲಿ ಹುಕ್ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಎದ್ದ ಎಳೆ, ಬಿದ್ದ ಎಳೆಗಳ ನಡುವೆ ಚಿತ್ತಾರ ಮೂಡುತ್ತದೆ.

ಈಗ ನೋಡಿ. 120 ಹುಕ್ಕಿನ ಜಕಾರ್ಡಿಗೆಂದು ಹೊಡೆದ ಕಾರ್ಡನ್ನು 240 ಹುಕ್ಕಿನ ಜಕಾರ್ಡಿಗೆ ಹಾಕಿದರೆ ನಡೆಯುವುದಿಲ್ಲ. ಚಿತ್ತಾರ ಅದೇ ಆದರೂ ಕಾರ್ಡುಗಳನ್ನು ಹೊಸದಾಗಿ ಹೊಡೆಯಬೇಕು. ಚೌಕುಳಿ ಹಾಳೆಯ ಮೇಲೆ ಬರೆದ ಮೂಲ ಚಿತ್ತಾರ ಕೈಯಲ್ಲಿದ್ದವನಿಗೆ ಇದು ಕೆಲಸ ಅಷ್ಟೆ. ಬರೀ ಹೊಡೆದ ಕಾರ್ಡು ಮಾತ್ರ ಕೊಂಡವನು ಮಾತ್ರ ಚಿತ್ತಾರದ ಮಾಲೀಕನ ಮುಂದೆ ಹೋಗಿ ನಿಲ್ಲಬೇಕು.

ಕಂಪ್ಯೂಟರಿನಲ್ಲೂ ಇಷ್ಟೇ ವಿಷಯ. ಪ್ರತಿಯೊಂದು ಚಿಪ್ ತನ್ನದೇ ಆದ ಆಜ್ಞೆಗಳನ್ನು ಮಾತ್ರ ತಿಳಿಯುತ್ತದೆ. ಪ್ರೋಗ್ರಾಮರ್ ಬರೆಯುವ ಮೂಲ ಬರಹ ಚೌಕುಳಿ ಹಾಳೆಯ ಚಿತ್ತಾರ ಇದ್ದಂತೆ. ಅದನ್ನು ಚಿಪ್‌ಗೆ ತಕ್ಕ ಆಜ್ಞೆಗಳಾಗಿ ಬದಲಿಸುವ ಕಂಪೈಲರ್ ಕಾರ್ಡು ಹೊಡೆಯುವವನ ಕೆಲಸ ಮಾಡುತ್ತದೆ. ನಾವು ಅಂಗಡಿಯಿಂದ ತರುವ ತಂತ್ರಾಂಶ ಹೊಡೆದಾದ ಕಾರ್ಡು. ವಿಂಡೋಸ್, ಟ್ಯಾಲಿ, ಫೋಟೋಶಾಪ್ ಇವೆಲ್ಲದರ ಮೂಲ ಬರಹ ಅವರವರ ಕಂಪನಿಯ ಕೈಯಲ್ಲೇ ಇದೆ. ಹೊಸ ಚಿಪ್‌ಗೆ ಅವು ಬರಬೇಕಾದರೆ ಆ ಕಂಪನಿಗೇ ಮನಸ್ಸಾಗಬೇಕು. ಲಿನಕ್ಸಿನ ಮೂಲ ಬರಹ ಎಲ್ಲರಿಗೂ ತೆರೆದಿದೆ. ಮನಸ್ಸು ಮತ್ತು ವಿದ್ಯೆ ಇದ್ದವರು ಯಾರು ಬೇಕಾದರೂ ಅದಕ್ಕೆ ಹೊಸ ಕಾರ್ಡು ಹೊಡೆಯಬಹುದು. ಈ ಕೆಲಸಕ್ಕೆ ಆ ಕ್ಷೇತ್ರದವರು ಹೇಳುವ ಹೆಸರು ಪೋರ್ಟಿಂಗ್.

ಹೇಳಿದಷ್ಟು ಸುಲಭದ ಕೆಲಸವೇನೂ ಅಲ್ಲ. ಮೊದಲು ಕಂಪೈಲರಿಗೆ ಹೊಸ ಚಿಪ್ಪಿನ ಭಾಷೆ ಕಲಿಸಬೇಕು. ನಂತರ ಲಿನಕ್ಸಿನ ತಿರುಳಿನಲ್ಲಿ ಯಂತ್ರಕ್ಕೆ ನೇರವಾಗಿ ಅಂಟಿಕೊಂಡ ಭಾಗವನ್ನು, ಅಂದರೆ ಯಂತ್ರ ಏಳುವುದು, ಮೆಮೊರಿ ಹಂಚುವುದು ಇಂಥದ್ದನ್ನು ಹೊಸದಾಗಿ ಬರೆಯಬೇಕು. ಆಮೇಲೆ ಪರದೆ, ವೈಫೈ, ಧ್ವನಿ ಒಂದೊಂದಕ್ಕೂ ಡ್ರೈವರ್. ಅದರ ಮೇಲೆ ಸಾವಿರಗಟ್ಟಲೆ ತಂತ್ರಾಂಶಗಳನ್ನು ಒಂದೊಂದಾಗಿ ಕಂಪೈಲ್ ಮಾಡಿ, ಕೆಟ್ಟದ್ದನ್ನು ಸರಿಮಾಡಿ, ಮತ್ತೆ ನೋಡಬೇಕು. ಬೆಲೆಪಟ್ಟಿಯಲ್ಲಿ ಈ ದುಡಿಮೆ ಕಾಣುವುದೇ ಇಲ್ಲ.

ಶುರುವಾದದ್ದು ಮನೆ ಕಂಪ್ಯೂಟರಿನಲ್ಲೇ

1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಬರೆಯಲು ಶುರು ಮಾಡಿದಾಗ ಅದು ತನ್ನ ಮನೆಯಲ್ಲಿದ್ದ ಇಂಟೆಲ್ 386 ಯಂತ್ರಕ್ಕೆಂದೇ ಬರೆದದ್ದು. ಬೇರೆ ಯಂತ್ರಕ್ಕೆ ಒಯ್ಯುವಂಥದ್ದಲ್ಲ ಎಂದು ಅವರೇ ಆಗ ಹೇಳಿದ್ದರು. ಆದರೆ ಬೇರೆಯವರು ಸುಮ್ಮನಿರಲಿಲ್ಲ. ಅಮಿಗಾ, ಅಟಾರಿ ಎಂಬ ಮನೆ ಕಂಪ್ಯೂಟರುಗಳು ಅಂದು ಯುರೋಪಿನಲ್ಲಿ ಬಹಳ ಜನರ ಬಳಿ ಇದ್ದವು, ಅವುಗಳ ಚಿಪ್ ಬೇರೆ. ಆ ಯಂತ್ರ ಇಟ್ಟುಕೊಂಡ ಹವ್ಯಾಸಿಗಳು ಲಿನಕ್ಸನ್ನು ಅದಕ್ಕೆ ಒಯ್ದರು.

1994ರಲ್ಲಿ ಬ್ರಿಟನ್ನಿನ ರಸೆಲ್ ಕಿಂಗ್ ಎಂಬವರು ಏಕಾರ್ನ್ ಕಂಪನಿಯ ಕಂಪ್ಯೂಟರಿಗೆ ಲಿನಕ್ಸ್ ತರುವ ಕೆಲಸ ಹಿಡಿದರು. ಏಕಾರ್ನ್ ಯಂತ್ರಗಳು ಬ್ರಿಟನ್ನಿನ ಶಾಲೆಗಳಲ್ಲಿ, ಮನೆಗಳಲ್ಲಿ ಇದ್ದಂಥವು. ಅವುಗಳ ಒಳಗಿದ್ದದ್ದು ಆರ್ಮ್ ಎಂಬ ಚಿಪ್. ಆ ಕಂಪನಿಯ ಕಂಪ್ಯೂಟರುಗಳು ಆಮೇಲೆ ಮಾರುಕಟ್ಟೆಯಿಂದ ಮಾಯವಾದವು. ಆದರೆ ಆರ್ಮ್ ಚಿಪ್ ಉಳಿಯಿತು, ಅದಕ್ಕೆ ಪೋರ್ಟ್ ಆದ ಲಿನಕ್ಸೂ ಉಳಿಯಿತು. ಇವತ್ತು ನಮ್ಮ ಜೇಬಿನಲ್ಲಿರುವ ಆ್ಯಂಡ್ರಾಯ್ಡ್ ಫೋನಿನ ಒಳಗೆ ಇರುವುದು ಬಹುಪಾಲು ಅದೇ ಆರ್ಮ್ ಜಾತಿಯ ಚಿಪ್, ಅದರ ಮೇಲೆ ಲಿನಕ್ಸಿನ ತಿರುಳು. ಯಾವುದೋ ಮೂಲೆಯ ಯಂತ್ರಕ್ಕೆ ಒಬ್ಬರು ಮಾಡಿದ ಕೆಲಸದ ಮುಂದುವರಿಕೆ ಹದಿನೈದು ವರ್ಷದೊಳಗೆ ಇಡೀ ಲೋಕದ ಅಂಗೈಗೆ ಬಂತು.

2012ರ ಫೆಬ್ರವರಿಯಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿನ ಕಥೆಯೂ ಹೀಗೇ. ಅದರ ಬೆಲೆ 35 ಡಾಲರ್. ಅದರ ಹಳೆಯ ಆರ್ಮ್ ಚಿಪ್‌ಗೆ ಡೆಬಿಯನ್ ಎಂಬ ಹೆಸರಾಂತ ಲಿನಕ್ಸಿನ ಹೊಸ, ವೇಗದ ಆವೃತ್ತಿ ಹೊಂದುತ್ತಿರಲಿಲ್ಲ. ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಎಂಬಿಬ್ಬರು ಮುಂದೆ ಬಂದು, ಅದೇ ವರ್ಷದ ಜೂನ್ ಹೊತ್ತಿಗೆ 35,000ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಆ ಚಿಪ್‌ಗೆ ತಕ್ಕಂತೆ ಮತ್ತೆ ಕಂಪೈಲ್ ಮಾಡಿಸಿದರು. ಅವರು ಯಾರ ಅನುಮತಿಗೂ ಕಾಯಬೇಕಾಗಿರಲಿಲ್ಲ, ಮೂಲ ಬರಹ ತೆರೆದೇ ಇತ್ತು.

ನಮ್ಮ ಬೆಂಗಳೂರಿನ ಸಿಂಪ್ಯೂಟರ್

ಇಷ್ಟು ಓದಿ, ಇದೆಲ್ಲ ಹೊರದೇಶದ ಮಾತು ಎಂದುಕೊಳ್ಳಬೇಡಿ. ಕಿಯೋಗಿಂತ ಇಪ್ಪತ್ತನಾಲ್ಕು ವರ್ಷ ಮೊದಲೇ ಕರ್ನಾಟಕದಲ್ಲಿ ಇಂಥದ್ದೊಂದು ಪ್ರಯತ್ನ ನಡೆದಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರುಗಳು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಎಪ್ರಿಲಿನಲ್ಲಿ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರನ್ನು ಜನರ ಮುಂದಿಟ್ಟರು. ಸರಳ, ಅಗ್ಗ, ಹಲವು ಭಾಷೆ ಬಲ್ಲದ್ದು ಎಂಬುದೇ ಅದರ ಹೆಸರಿನ ಅರ್ಥ. ಒಳಗಿದ್ದದ್ದು ಇಂಟೆಲಿನ ಸ್ಟ್ರಾಂಗ್‌ಆರ್ಮ್ ಚಿಪ್, ಅಂದರೆ ಅದೇ ಆರ್ಮ್ ಕುಲದ್ದು. ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಶಾಲಾ ಕಂಪ್ಯೂಟರಿಗೆಂದು ಬ್ರಿಟನ್ನಿನಲ್ಲಿ ಶುರುವಾದ ಪೋರ್ಟ್ ಬೆಂಗಳೂರಿನ ಕೆಲಸಕ್ಕೆ ಬಂದದ್ದು ಹೀಗೆ.

ಅವರ ಲೆಕ್ಕಾಚಾರ ಇಂದಿಗೂ ಯೋಚಿಸುವಂಥದ್ದು. ಹಳ್ಳಿಯ ಪ್ರತಿಯೊಬ್ಬರಿಗೂ ಕಂಪ್ಯೂಟರ್ ಕೊಳ್ಳಲು ಆಗದು. ಹಾಗಾಗಿ ಊರಿಗೊಂದು ಯಂತ್ರ, ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡ್. ಕಾರ್ಡ್ ತೂರಿಸಿದರೆ ಆ ಹೊತ್ತಿಗೆ ಯಂತ್ರ ನಿಮ್ಮದು. ಓದು ಬಾರದವರಿಗೆ ಪರದೆಯ ಬರಹವನ್ನು ಯಂತ್ರವೇ ಓದಿ ಹೇಳಬೇಕು. ಅದಕ್ಕಾಗಿ ರಮೇಶ್ ಹರಿಹರನ್ ‘ಧ್ವನಿ’ ಎಂಬ ತಂತ್ರಾಂಶ ಮಾಡಿದರು. ಅದೇ 2001ರ ಕೊನೆಗೆ ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್, ಆ ವರ್ಷದ ಅತಿ ಮುಖ್ಯ ಕಂಪ್ಯೂಟರ್ ಆವಿಷ್ಕಾರ ಇದೇ ಎಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ನಿಯತಕಾಲಿಕದಲ್ಲಿ ಬರೆದರು.

2004ರ ಮಾರ್ಚಿನಲ್ಲಿ ಬೆಂಗಳೂರಿನ ಬಿಇಎಲ್ ಮತ್ತು ಪಿಕೋಪೆಟಾ ಸೇರಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದವು. ಕಪ್ಪು ಬಿಳುಪು ಪರದೆಯ ಮಾದರಿಗೇ ಸುಮಾರು 10 ಸಾವಿರ ರೂಪಾಯಿ. ಯಂತ್ರವನ್ನು ಕೈಯಲ್ಲಿ ವಾಲಿಸಿದರೆ ಅದಕ್ಕೆ ತಿಳಿಯುತ್ತಿತ್ತು. ಐಫೋನ್ ಬಂದದ್ದು ಇದಾದ ಮೂರು ವರ್ಷಕ್ಕೆ. ಕರ್ನಾಟಕದ ಭೂದಾಖಲೆಗಳ ಕೆಲಸದಲ್ಲೂ ಸಿಂಪ್ಯೂಟರ್ ಬಳಕೆಯಾಯಿತು. ಆದರೂ ಒಂದು ವರ್ಷದಲ್ಲಿ 50 ಸಾವಿರ ಮಾರುವ ಗುರಿ ಇಟ್ಟುಕೊಂಡಿದ್ದಲ್ಲಿ ಮಾರಾಟವಾದದ್ದು ಸುಮಾರು 4 ಸಾವಿರ. ಹಳ್ಳಿಯವನಿಗೆ ಆ ಬೆಲೆ ಅಗ್ಗವಾಗಿರಲಿಲ್ಲ. ಅದರಲ್ಲಿ ಮಾಡಬಹುದಾದ ದಿನನಿತ್ಯದ ಕೆಲಸಗಳೂ ಕಡಿಮೆ ಇದ್ದವು. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗಿ ಮನೆಮನೆಗೆ ಬಂತು.

ಹಾಗಾದರೆ ಎಲ್ಲ ನೀರಿನಲ್ಲಿ ಹೋಮವಾಯಿತೇ? ಇಲ್ಲ. ಯಂತ್ರ ಹೋಯಿತು, ‘ಧ್ವನಿ’ ಉಳಿಯಿತು. ಅದರ ಮೂಲ ಬರಹ ತೆರೆದಿದ್ದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಎತ್ತಿಕೊಂಡು ಮುಂದುವರಿಸಿದರು. ಸಾಮಾನ್ಯ ಲಿನಕ್ಸ್ ಕಂಪ್ಯೂಟರುಗಳಲ್ಲಿ ಅದು ಕನ್ನಡ, ಮಲಯಾಳ ಸಹಿತ ಹಲವು ಭಾರತೀಯ ಭಾಷೆಗಳನ್ನು ಓದಿತು. ಸಿಂಪ್ಯೂಟರಿನಿಂದ ನಮಗೆ ಸಿಗುವ ಪಾಠ ಇದೇ. ಪೆಟ್ಟಿಗೆಗೆ ಆಯುಷ್ಯ ಕಡಿಮೆ. ಅದರೊಳಗೆ ತೆರೆದಿಟ್ಟು ಮಾಡಿದ ಕೆಲಸ ಇನ್ನೊಂದು ಪೆಟ್ಟಿಗೆಗೆ ಹೋಗಿ ಬದುಕುತ್ತದೆ.

ಚಿಪ್ಪಿನ ಭಾಷೆಯೂ ತೆರೆದಾಗ

ಕಿಯೋದಲ್ಲಿರುವ ರಿಸ್ಕ್-ಫೈವ್ ಇನ್ನೂ ಒಂದು ಹೆಜ್ಜೆ ಮುಂದಿನದು. ಇಂಟೆಲ್ ಚಿಪ್ಪಿನ ಭಾಷೆ ಒಂದೆರಡು ಕಂಪನಿಗಳ ಆಸ್ತಿ. ಆರ್ಮ್ ಭಾಷೆಯಲ್ಲಿ ಚಿಪ್ ಮಾಡಬೇಕಾದರೆ ಲೈಸೆನ್ಸ್ ಕೊಳ್ಳಬೇಕು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಹುಟ್ಟಿದ ರಿಸ್ಕ್-ಫೈವ್ ಭಾಷೆಯನ್ನು ಯಾರು ಬೇಕಾದರೂ ಲೈಸೆನ್ಸ್ ಹಣ ಕಟ್ಟದೆ ಬಳಸಬಹುದು. ಚಿಪ್ ಪುಕ್ಕಟೆ ಸಿಗುತ್ತದೆ ಎಂದು ಇದರ ಅರ್ಥವಲ್ಲ, ಮಾಡುವ ಖರ್ಚು ಇದ್ದೇ ಇದೆ. ಪುಕ್ಕಟೆಯಾಗಿರುವುದು ಭಾಷೆ ಮಾತ್ರ. ಇದೇ ಭಾಷೆ ಹಿಡಿದು ಐಐಟಿ ಮದ್ರಾಸ್ ‘ಶಕ್ತಿ’ ಎಂಬ ಚಿಪ್ ರೂಪಿಸಿತು. 2018ರಲ್ಲಿ ಅದರ ಮೇಲೆ ಲಿನಕ್ಸ್ ಓಡಿತು.

ಲಿನಕ್ಸಿನ ಮೂಲ ತಿರುಳಿಗೆ ರಿಸ್ಕ್-ಫೈವ್ ಸೇರಿದ್ದು 2018ರ ಜನವರಿಯಲ್ಲಿ. ಡೆಬಿಯನ್ ತನ್ನ 13ನೇ ಆವೃತ್ತಿಯಲ್ಲಿ ರಿಸ್ಕ್-ಫೈವನ್ನು ಮೊದಲ ಬಾರಿಗೆ ಅಧಿಕೃತವಾಗಿ ಸೇರಿಸಿಕೊಂಡದ್ದು 2025ರ ಆಗಸ್ಟ್ 9ರಂದು, ಅಂದರೆ ಕಿಯೋ ಹೊರಬರುವುದಕ್ಕೆ ಮೂರು ತಿಂಗಳು ಮೊದಲು. ಪತ್ರ ಬರೆಯುವ ಲಿಬ್ರೆಆಫೀಸ್, ಇಂಟರ್ನೆಟ್ ನೋಡುವ ಫೈರ್‌ಫಾಕ್ಸ್, ಮಕ್ಕಳು ಪ್ರೋಗ್ರಾಮಿಂಗ್ ಕಲಿಯುವ ಪೈಥಾನ್ ಇವೆಲ್ಲ ರಿಸ್ಕ್-ಫೈವ್ ಚಿಪ್‌ಗೆ ಪೋರ್ಟ್ ಆಗಿವೆ.

ಕಿಯೋ ಎಂಬ ಹೆಸರಿನಲ್ಲೇ ಜ್ಞಾನ, ಮಿತವ್ಯಯ, ಮುಕ್ತ ಆಕರ ಎಂಬ ಮೂರು ಅರ್ಥಗಳಿವೆ. ರಾಜ್ಯದ ಪಠ್ಯಕ್ರಮ ಕಲಿಸಲು ‘ಬುದ್ಧ್’ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕನೂ ಅದರಲ್ಲಿದ್ದಾನೆ. ಇಷ್ಟು ದೂರದ ದಾರಿಯನ್ನು ಸಾವಿರಾರು ಜನ ಸವೆಸಿದ ಮೇಲೆ ಬಂದ ಯಂತ್ರ ಅದು. 2001ರ ಸಿಂಪ್ಯೂಟರಿಗೆ ಈ ಅನುಕೂಲ ಇರಲಿಲ್ಲ.

ಕನ್ನಡದ ಅಕ್ಷರ, ಬ್ಯಾರಿಯ ಮಾತು

ಇಲ್ಲಿ ನಮಗೆ ನೇರವಾಗಿ ಸಂಬಂಧಪಟ್ಟ ವಿಷಯ ಒಂದಿದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾಗದ, ಉರೂಸಿನ ನೋಟೀಸು ಟೈಪ್ ಮಾಡುವುದು ಹೆಚ್ಚಾಗಿ ವಿಂಡೋಸಿನಲ್ಲಿ, ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ. ಆ ಫೈಲನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ವರ್ಷಗಟ್ಟಲೆ ಟೈಪ್ ಮಾಡಿದ್ದು ಒಂದು ಬಗೆಯ ಕಂಪ್ಯೂಟರಿಗೆ ಕಟ್ಟುಬಿದ್ದಿದೆ.

ಯೂನಿಕೋಡಿನಲ್ಲಿ ಬರೆದದ್ದು ಹೀಗೆ ಕಟ್ಟುಬೀಳುವುದಿಲ್ಲ. ಕರ್ನಾಟಕದ ಆಸಕ್ತರೇ ಮಾಡಿದ ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳು ಡೆಬಿಯನ್‌ನಲ್ಲಿ ಸೇರಿವೆ. ಫಾಂಟ್ ಎಂಬುದು ಚಿಪ್ಪಿನ ಆಜ್ಞೆ ಅಲ್ಲ, ಅಕ್ಷರದ ಚಿತ್ರ. ಹಾಗಾಗಿ ಇಂಟೆಲ್ ಇರಲಿ, ಆರ್ಮ್ ಇರಲಿ, ರಿಸ್ಕ್-ಫೈವ್ ಇರಲಿ, ಒಂದು ಗೆರೆಯನ್ನೂ ಬದಲಿಸದೆ ಅವು ಹೋಗಿ ಕೂರುತ್ತವೆ. ಕನ್ನಡ ಟೈಪಿಂಗ್ ಕಲಿತವರಿಗೆ ಪರಿಚಯವಿರುವ ಕಗಪ ಕೀಲಿಮಣೆ ಕೂಡ ಲಿನಕ್ಸಿನಲ್ಲಿ ಇದೆ, ಸೆಟ್ಟಿಂಗ್ಸಿನಲ್ಲಿ ಹೋಗಿ ಆಯ್ದುಕೊಂಡರೆ ಆಯಿತು.

ಬ್ಯಾರಿ ಭಾಷೆಯನ್ನು ನಾವು ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲಿ. ನಮ್ಮ ಹಿರಿಯರು ಅರಬಿ ಮಲಯಾಳದ ಕಿತಾಬುಗಳನ್ನೂ ಓದಿದವರು. ಅರಬಿಯಲ್ಲಿ ಇಲ್ಲದ ಧ್ವನಿಗಳಿಗೆ ಚುಕ್ಕಿ ಗೆರೆ ಸೇರಿಸಿ ಹೊಸ ಅಕ್ಷರ ಮಾಡಿಕೊಂಡದ್ದು ಅದರಲ್ಲಿ ಕಾಣುತ್ತದೆ. ಒಂದು ಭಾಷೆಯನ್ನು ಇನ್ನೊಂದರ ಅಚ್ಚಿಗೆ ಹೊಂದಿಸುವುದು ನಮಗೆ ಹೊಸತಲ್ಲ. ಇಂದು ಬ್ಯಾರಿಯ ಕಥೆ, ಹಾಡು, ಗಾದೆ, ಪದಪಟ್ಟಿಗಳನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿಟ್ಟರೆ ಮುಂದೆ ಯಾವ ಚಿಪ್ ಬಂದರೂ ಮೊಮ್ಮಕ್ಕಳು ಅದನ್ನು ತೆರೆದು ಓದಬಹುದು.

ಕಾಸರಗೋಡಿನ ಮಕ್ಕಳನ್ನು ನೋಡಿ

ಲಿನಕ್ಸ್ ಎಂದರೆ ಮಕ್ಕಳಿಗೆ ಕಷ್ಟ ಎನ್ನುವವರು ಮಂಜೇಶ್ವರ, ಕುಂಬಳೆ ಕಡೆಯ ನೆಂಟರ ಮನೆಯ ಮಕ್ಕಳನ್ನು ಕೇಳಬೇಕು. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ, 2017ರಿಂದ ಕೈಟ್ ಎಂಬ ಹೆಸರಿನಲ್ಲಿ ನಡೆಯುವ ಸರಕಾರಿ ಸಂಸ್ಥೆ ಶಾಲೆಗಳ ಕಂಪ್ಯೂಟರುಗಳಿಗೆ ಲಿನಕ್ಸನ್ನೇ ಕೊಡುತ್ತಿದೆ. ಎಸೆಸೆಲ್ಸಿಯಲ್ಲಿ ಐಟಿ ಒಂದು ವಿಷಯ, ಅದರ ಪ್ರಾಯೋಗಿಕ ಪರೀಕ್ಷೆ ಆ ಲಿನಕ್ಸ್ ಕಂಪ್ಯೂಟರಿನಲ್ಲೇ. ಕನ್ನಡ ಮಾಧ್ಯಮದ ಮಕ್ಕಳೂ ಬರೆಯುತ್ತಾರೆ.

ಅಲ್ಲಿ ಅದು ನಿಂತದ್ದು ಬೆಲೆಯಿಂದ ಮಾತ್ರ ಅಲ್ಲ. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಪುಸ್ತಕ ಅದಕ್ಕೆ ತಕ್ಕಂತೆ ಬರೆದರು, ಪರೀಕ್ಷೆಗೆ ಸೇರಿಸಿದರು. ಸಿಂಪ್ಯೂಟರಿಗೆ ಸಿಗದೆ ಹೋದದ್ದು ಇದೇ ಬೆಂಬಲ. ಕಿಯೋಗೆ ಇದು ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ಅದರ ಮುಂದಿನ ದಾರಿ ನಿಂತಿದೆ. ನಮ್ಮ ಊರಿನ ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತಿರುವ ಪೋಷಕರು ಯಂತ್ರ ಎಷ್ಟು ಬಂತು ಎಂದು ಕೇಳುವಷ್ಟೇ ಗಟ್ಟಿಯಾಗಿ, ಕಲಿಸುವವರು ಯಾರು ಎಂದೂ ಕೇಳಬೇಕು.

ಮನೆಯವರು ಏನು ಮಾಡಬೇಕು?

ಮೊದಲು ಟ್ಯಾಲಿಯ ಪ್ರಶ್ನೆಗೆ ಉತ್ತರ. ವಿಂಡೋಸಿಗೆ ಮಾಡಿದ ಟ್ಯಾಲಿ ರಿಸ್ಕ್-ಫೈವ್ ಯಂತ್ರದಲ್ಲಿ ನೇರವಾಗಿ ಓಡುವುದಿಲ್ಲ. ಕಾಮರ್ಸ್ ಓದಿ ಲೆಕ್ಕದ ಕೆಲಸಕ್ಕೆ ಹೋಗಬೇಕೆಂದಿರುವ ಮಗಳಿಗೆ, ಅಂಗಡಿ ಲೆಕ್ಕಕ್ಕೆ, ನುಡಿಯ ಹಳೆಯ ಫೈಲುಗಳ ಡಿಟಿಪಿ ಕೆಲಸಕ್ಕೆ ಇದು ಬೇಡ. ಅವರಿಗೆ ಮಾಮೂಲಿ ಲ್ಯಾಪ್‌ಟಾಪೇ ಸರಿ.

ಎಂಟರಿಂದ ಹತ್ತನೇ ತರಗತಿಯ ಮಗುವಿಗೆ, ಪ್ರೋಗ್ರಾಮಿಂಗ್ ಆಸೆ ಇರುವ ಪಿಯು ವಿಜ್ಞಾನದ ವಿದ್ಯಾರ್ಥಿಗೆ, ಓದು ಬರಹ ಇಂಟರ್ನೆಟ್ಟಿಗೆ ಇಂಥ ಯಂತ್ರ ಸಾಕು. ಆದರೆ ದುಡ್ಡು ಕೊಡುವ ಮೊದಲು ನಾಲ್ಕು ಮಾತು ಕೇಳಿ. ಆ ಬೆಲೆಯಲ್ಲಿ ಪರದೆ, ಕೀಲಿಮಣೆ, ಮೌಸ್ ಸೇರಿವೆಯೇ? ಕೆಟ್ಟರೆ ರಿಪೇರಿ ಎಲ್ಲಿ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ? ಮನೆಯ ಪ್ರಿಂಟರಿಗೆ ಅದರಲ್ಲಿ ಡ್ರೈವರ್ ಇದೆಯೇ? ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಅಂಗಡಿಯವರು ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಿ ತೋರಿಸಲಿ, ಆಮೇಲೆ ಮುಂದಿನ ಮಾತು.

ಕೈಯಲ್ಲಿ ಅಷ್ಟು ಹಣ ಇಲ್ಲದವರಿಗೂ ದಾರಿ ಇದೆ. ಗಲ್ಫಿನಿಂದ ಅಣ್ಣನೋ ಮಾವನೋ ತಂದುಕೊಟ್ಟ ಹಳೆಯ ಲ್ಯಾಪ್‌ಟಾಪ್ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳು ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಗುಜರಿಗೆ ಹಾಕುವ ಮೊದಲು ಅದಕ್ಕೆ ಲಿನಕ್ಸ್ ಹಾಕಿ ನೋಡಿ. ಒಂದು ಪೆನ್‌ಡ್ರೈವ್ ಸಾಕು. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ಓಡಿಸಿ ಪರೀಕ್ಷೆ ಮಾಡಬಹುದು. ಒಳಗಿರುವ ಮದುವೆಯ ಫೋಟೋಗಳನ್ನು ಮಾತ್ರ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಇಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ರಿಸ್ಕ್-ಫೈವ್ ಕೆಲಸ ಇನ್ನೂ ಮುಗಿದಿಲ್ಲ. ಕಂಪೈಲರ್, ಡ್ರೈವರ್, ಪ್ಯಾಕೇಜ್ ಸರಿಪಡಿಸುವುದು ಎಲ್ಲದಕ್ಕೂ ಜನ ಬೇಕು. ರಸೆಲ್ ಕಿಂಗ್ ಶುರು ಮಾಡಿದಾಗ ಅವರ ಹಿಂದೆ ದೊಡ್ಡ ಕಂಪನಿ ಇರಲಿಲ್ಲ. ಮೂಲ ಬರಹ ನೋಡಲು ಫೀಸು ಕಟ್ಟಬೇಕಾಗಿಲ್ಲ, ಯಾರ ಶಿಫಾರಸೂ ಬೇಕಾಗಿಲ್ಲ. ಈ ರಜೆಯಲ್ಲಿ ಮನೆಯ ಒಂದು ಹಳೆಯ ಯಂತ್ರವನ್ನು ಎಬ್ಬಿಸಿ, ತಮ್ಮ ತಂಗಿಗೆ ಕನ್ನಡ ಟೈಪಿಂಗ್ ಕಲಿಸಿ, ಅಜ್ಜಿ ಹೇಳುವ ಹತ್ತು ಬ್ಯಾರಿ ಗಾದೆಗಳನ್ನು ಅದರಲ್ಲಿ ಬರೆದಿಡಿ.